ಫ್ರೀಜರಿನಲ್ಲಿ ನೀಲಕಂಠ

ಅಲ್ ಗುಬ್ರಾ, ಮಸ್ಕತ್
೧೫-೧೧-೧೯೯೩, ಸೋಮವಾರ

ಚಿ. ಸೌ. ವಿನೋದಾಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನೀನು ಊರು ತಲುಪಿದ್ದು ಫೋನಿನಲ್ಲಿ ತಿಳಿಯಿತು. ಕಾಲಿನ ಬಾವು ಇಳಿಯಿತೇ? ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಬಾವಿಕಟ್ಟೆಗೆ ಹೋಗಬೇಡ. ಉಪ್ಪಿನಕಾಯಿಯನ್ನು ನಿನ್ನ ತಾಯಿ ಕೇಳಿದಷ್ಟು ಬಡಿಸುವವರು, ನೀನು ಕೇಳಬೇಡ. ಇಲ್ಲಿ ನಾವಿಬ್ಬರೂ ಸೌಖ್ಯ. ಸೌಖ್ಯ ಎಂದು ಬರೆಯುವುದು ಕ್ರಮ, ಅದಕ್ಕೆ ಬರೆದೆ.

ಇನ್ನು ನಿನ್ನ ಮನೆಯ ವಿಷಯ. ನೀನು ಹೆರಿಗೆಗೆ ಹೋದ ಮೇಲೆ ಮಗನಿಗೆ ಬೇಯಿಸಿ ಹಾಕಲೆಂದು ಬಂದವಳು ನಾನು. ಬಂದ ದಿನವೇ ಎಲೆಅಡಿಕೆ ಜಜ್ಜೋಣವೆಂದು ನಿನ್ನ ಕುಟ್ಟಾಣಿ ತೆಗೆದೆ. ಶುಂಠಿ ಏಲಕ್ಕಿ ಜಜ್ಜಲೆಂದು ಹೋದ ವರ್ಷ ನಾನೇ ಕಳುಹಿಸಿದ ಹಿತ್ತಾಳೆಯ ಕುಟ್ಟಾಣಿ. ಬಾಯಿಗೆ ಹಾಕಿದ್ದೇ ಹಲ್ಲಿನಡಿ ಕರಕರ. ಉಗಿದು ನೋಡಿದರೆ ಹಸಿರು ಪುಡಿ! ನಿನ್ನ ಗಂಡ ದೇಜಪ್ಪ ನಗುತ್ತಾ ಹೇಳುತ್ತಾನೆ, "ಅಮ್ಮಾ, ಅದು ಗುಡ್ಡದ ಕಲ್ಲು. ಅವಳು ಕುಟ್ಟಿ ಬಣ್ಣ ಮಾಡ್ತಾಳೆ." ಛೀ! ಅಂಗಡಿಯಲ್ಲಿ ಬಣ್ಣ ಸಿಗುವುದಿಲ್ಲವೇ ಎಂದೆ. ಆ ಹಸಿರು ಯಾವ ಅಂಗಡಿಯಲ್ಲೂ ಇಲ್ಲವಂತೆ. ನನ್ನ ಬಾಯಲ್ಲಿತ್ತು.

ಮರುದಿನ ಮೀನು ಇದೆಯೇ ಎಂದು ಫ್ರೀಜರಿಗೆ ಕೈ ಹಾಕಿದೆ. ತೆಂಗಿನತುರಿಯ ಡಬ್ಬದ ಹಿಂದೆ ಪ್ಲಾಸ್ಟಿಕ್ ಸುತ್ತಿದ ಕಟ್ಟೊಂದು. ಅಂಜಲ್ ಮೀನಿರಬೇಕೆಂದು ಮಂಜು ಕರಗಲು ನೀರಿಗಿಟ್ಟು ಮಸಾಲೆಗೆ ಮೆಣಸು ಹುರಿದೆ. ಬಿಡಿಸಿದರೆ ಕೊಕ್ಕು! ಕಾಲು! ಸತ್ತ ನೀಲಕಂಠ ಹಕ್ಕಿ! ಕಾರಿಗೆ ಬಡಿದು ರಸ್ತೆಯಲ್ಲಿ ಬಿದ್ದಿದ್ದನ್ನು ಚಿತ್ರ ಬರೆಯಲೆಂದು ನೀನೇ ಎತ್ತಿ ತಂದದ್ದಂತೆ, ಅದೂ ಬಸುರಿ ಹೆಂಗಸು. ನಿನಗೆ ಹೇಸಿಗೆ ಎಂಬುದೇ ಇಲ್ಲವೇ ಮಾರಾಯ್ತಿ? ಮಡಚಿದ್ದಾಗ ಬರೀ ಮಣ್ಣುಬಣ್ಣ. ಕೈಯಲ್ಲಿ ರೆಕ್ಕೆ ಬಿಚ್ಚಿಕೊಂಡಾಗ ಒಳಗೆ ಎರಡು ನೀಲಿ, ಒಂದು ತಿಳಿ, ಒಂದು ದಟ್ಟ, ರೇಷ್ಮೆ ಸೀರೆಗೆ ಅಂಚು ಕೂಡಿಸಿದ ಹಾಗೆ. ನೋಡಿದೆ, ಇಲ್ಲವೆನ್ನುವುದಿಲ್ಲ. ನೋಡಿ, ಹೋಗಿ ವಾಂತಿ ಮಾಡಿದೆ. ಪಾತ್ರೆ ಬಿಸಾಡಿದ್ದೇನೆ. ಹಕ್ಕಿ ಇನ್ನೊಬ್ಬರ ಸೊತ್ತು, ಒರೆಸಿ ಮತ್ತೆ ಕಟ್ಟಿಟ್ಟೆ.

ನಿನ್ನ ಚಿತ್ರದ ಕೋಣೆಯನ್ನಂತೂ ಹೇಳುವುದು ಬೇಡ. ಒಣಗಿದ ಏಡಿ, ಹಾವಿನ ಪೊರೆ, ಆಡಿನ ಕೊಂಬು, ಈರುಳ್ಳಿ ಸಿಪ್ಪೆ, ಸೀಸೆಗಟ್ಟಲೆ ಮರಳು. ಟರ್ಪೆಂಟೈನ್ ವಾಸನೆ ಒಂದು ಕಡೆ, ಏಡಿಯ ನಾತ ಇನ್ನೊಂದು ಕಡೆ. ದೇಜಪ್ಪ ಹೇಳಿದ, "ಮಗುವಿಗೆ ಆ ಕೋಣೆ ಬೇಕಮ್ಮ. ನೀವು ಎಲ್ಲ ಕಟ್ಟಿಡಿ, ಶುಕ್ರವಾರ ನನ್ನ ದೋಸ್ತಿ ಮ್ಯಾಕ್ಸಿಮ್ ಪಿಕಪ್ ತರ್ತಾನೆ, ಬಿಸಾಡಿ ಬರ್ತೇವೆ." ನಿನಗೆ ತಿಳಿಸಿಯೇ ಹೇಳುತ್ತಿದ್ದಾನೆಂದು ನಂಬಿದೆ. ಖುಷಿಯಿಂದಲೇ ಮೂಗಿಗೆ ಸೆರಗು ಕಟ್ಟಿ ಎಲ್ಲವನ್ನೂ ಗೋಣಿಗೆ ತುಂಬಿಸಿದೆ. ನಿನ್ನ ಚಿತ್ರಗಳನ್ನೂ ಕಟ್ಟಿದೆ. ಒಂದು ಹುಲ್ಲುಕಡ್ಡಿ ಹುಟ್ಟದ ಈ ಬೋಳು ಗುಡ್ಡಗಳನ್ನು ಕಂಡರೇ ನನಗಾಗದು. ನೀನು ಅವಕ್ಕೆ ನೇರಳೆ, ಗುಲಾಬಿ ಬಳಿದಿದ್ದೀ. ಎಲ್ಲ ಸುಳ್ಳು ಎಂದುಕೊಂಡೆ. ಸಂಜೆ ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದಾಗ ಗುಡ್ಡ ಅದೇ ಬಣ್ಣದಲ್ಲಿತ್ತು. ಅಷ್ಟು ಮಾತ್ರ ಹೇಳುತ್ತೇನೆ.

ಮೊನ್ನೆ ಶುಕ್ರವಾರ ಅವರಿಬ್ಬರೂ ಗೋಣಿಗಳನ್ನು ಕೆಳಗಿಳಿಸಿ ಪಿಕಪ್ಪಿಗೆ ಹಾಕುತ್ತಿದ್ದರು. ಚಿತ್ರದ ಕಟ್ಟು ಹಿಡಿದುಕೊಂಡು ನಾನು ಹಿಂದೆಯೇ ಮೆಟ್ಟಿಲಿಳಿಯುತ್ತಿದ್ದೆ. ಮ್ಯಾಕ್ಸಿಮ್ ಕೇಳಿದ, "ವಿನೋದಕ್ಕನಿಗೆ ಏನು ಹೇಳ್ತೀ ಮಾರಾಯ? ಬಂದು ನೋಡಿ ಸುಮ್ನಿರ್ತಾರಾ?" ಅದಕ್ಕೆ ನನ್ನ ಮಗ, "ಅಮ್ಮ ಬಿಸಾಡಿದ್ರು ಅಂದ್ರೆ ಖಲಾಸ್. ಅತ್ತೆಯ ಹತ್ರ ಕೇಳುವ ಧೈರ್ಯ ಅವಳಿಗುಂಟಾ? ಅದಕ್ಕೇ ಅಲ್ವಾ ಅಮ್ಮನನ್ನು ಕರೆಸಿದ್ದು!" ಇಬ್ಬರೂ ನಕ್ಕರು.

ಹಕ್ಕಿಯ ಹೆಣ ಹಿಡಿದಾಗಲೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ. ಬೇಡವಾದುದನ್ನು ಬೇಡವೆಂದು ಮುಖಕ್ಕೆ ಹೇಳಿಯೇ ನಾನು ಇಷ್ಟು ವರ್ಷ ಮನೆ ನಡೆಸಿದ್ದು. ನೀನು ಇಲ್ಲಿದ್ದರೆ ನಿನಗೂ ಹೇಳುತ್ತಿದ್ದೆ, ನೀನು ಅಳುತ್ತಿದ್ದೆ, ಜಗಳವಾಗುತ್ತಿತ್ತು, ಆಗಲಿ. ಹೆಂಡತಿಗೆ ಹೆದರಿ ತಾಯಿಯ ಸೆರಗಿನ ಹಿಂದೆ ಅಡಗುವ ಗಂಡಸನ್ನು ನಾನು ಹೆತ್ತೆನೇ? "ಇಳಿಸಿದವರು ನೀವೇ, ಯಲ್ಲಾ, ನಡೆಯಿರಿ, ವಾಪಸ್ ಮೇಲೆ ಹತ್ತಿಸಿ" ಎಂದೆ. ಲಿಫ್ಟ್ ಕೆಟ್ಟಿತ್ತು. ಮ್ಯಾಕ್ಸಿಮ್, "ಅಮ್ಮಾ, ಸೊಂಟ ನೋವು" ಎಂದ. "ನಗುವಾಗ ಇರಲಿಲ್ಲವಲ್ಲ" ಎಂದೆ. ಮೂರು ಮಾಳಿಗೆ ಹೊತ್ತರು.

ನಿನ್ನ ಸಾಮಾನೆಲ್ಲ ಕೋಣೆಯಲ್ಲೇ ಇದೆ. ತೊಟ್ಟಿಲು ಹಾಲ್‌ನಲ್ಲಿ, ದೇಜಪ್ಪನ ಟಿ.ವಿ. ಇದ್ದ ಜಾಗದಲ್ಲಿ. ಏಡಿಯನ್ನು ಮಾತ್ರ ಬಿಸಾಡಿದೆ, ಇರುವೆ ಮುತ್ತಿತ್ತು. ಅದನ್ನು ಬಿಸಾಡಿದವಳು ನಾನೇ. ಜಗಳ ಮಾಡುವುದಿದ್ದರೆ ನನ್ನ ಹತ್ತಿರವೇ ಮಾಡು.

ನಿನ್ನ ತಾಯಿಯವರಿಗೆ ನಮಸ್ಕಾರ ತಿಳಿಸು. ಸುಖವಾಗಿ ಹೆತ್ತು ಬಾ.

ಇತಿ,
ಸುಂದರಿ

ತಾ.ಕ. ಕೆಳಗಿನ ಅಂಗಡಿಯ ಉಮರಬ್ಬ ಊರಿಗೆ ಹೊರಟು ನಿಂತಿದ್ದಾರೆ, ಅವರ ಕೈಯಲ್ಲೇ ಈ ಕಾಗದ. ಲಕೋಟೆಯಲ್ಲಿ ಗಟ್ಟಿಯಾಗಿ ಸಿಗುವುದು ನಿನ್ನ ಕೋಣೆಯ ಬೀಗದ ಕೈಗಳು. ಎರಡೂ ಇವೆ, ಇಲ್ಲಿ ಬೇರೆ ಇಲ್ಲ. ಬರುವಾಗ ಮರೆಯದೆ ತಾ. ಶುಕ್ರವಾರದಿಂದ ದೇಜಪ್ಪ ಮೀನು ಮೀನು ಎನ್ನುತ್ತಿದ್ದಾನೆ. ಫ್ರೀಜರಿನಲ್ಲಿ ಹೆಣ ಇರುವವರೆಗೆ ನಾನು ಮೀನು ಮುಟ್ಟುವವಳಲ್ಲ ಎಂದೆ. "ಹಾಗಾದ್ರೆ ಹಕ್ಕಿ ಬಿಸಾಡಿ" ಎಂದ. "ನೀನೇ ಬಿಸಾಡು, ಬಿಸಾಡಿ ಅವಳಿಗೆ ಫೋನ್ ಮಾಡಿ ಹೇಳು" ಎಂದೆ. ಹಕ್ಕಿ ಅಲ್ಲೇ ಇದೆ. ಅವನು ಹುರುಳಿ ಸಾರು ಉಣ್ಣುತ್ತಿದ್ದಾನೆ.