ಬಡಗಿ ದೊಡ್ಡವರೋ, ಗಿಳಿ ದೊಡ್ಡವಳೋ

ಅಂಗಡಿಯ ಹಿಂದಿನ ಕೋಣೆಯಿಂದ,
ಜನವರಿ ೨೧, ಭಾನುವಾರ ಮಧ್ಯಾಹ್ನ

ರೀ,

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ಬಂದರಿನ ಗೋದಾಮಿನಲ್ಲಿ ಇಡೀ ದಿನ ಗಾಳಿಗೆ ಮೈಯೊಡ್ಡಿ ನಿಂತು, ಸಂಜೆ ತಣ್ಣೀರಲ್ಲೇ ಸ್ನಾನ ಮಾಡುತ್ತೀರಿ ಅಂತ ನನಗೆ ಗೊತ್ತು. ಬೇಡ ಅಂದರೆ ಕೇಳುವ ಆಸಾಮಿಯಲ್ಲ ನೀವು. ನಾನು ಕಳಿಸಿದ ಉಣ್ಣೆಯ ಬನಿಯನ್ ಹಾಕಿಕೊಳ್ಳುತ್ತಿದ್ದೀರೋ, ಇಲ್ಲಾ ಪೆಟ್ಟಿಗೆಯಲ್ಲಿಟ್ಟು ಕಾವಲು ಕಾಯುತ್ತಿದ್ದೀರೋ? ನಿಮ್ಮ ಕಾರ್ಡು ಬಂತು. "ಕ್ಷೇಮ. ಕೆಲಸ ಇದೆ." ಇಷ್ಟೇ ಬರೆಯುವುದಕ್ಕೆ ಒಂದು ಅಂಚೆ ಕಾರ್ಡು ಯಾಕೆ ದಂಡ ಮಾಡಿದಿರಿ ಅಂತ ಸಿಟ್ಟು ಬಂತು. ಆಮೇಲೆ ಅದನ್ನೇ ಮತ್ತೆ ಮತ್ತೆ ಓದಿ, ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟಿದ್ದೇನೆ.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದದ್ದೇ. ಅಂಗಡಿ ಹೇಗೋ ನಡೆಯುತ್ತಿದೆ. ಬೂಟು ಬಾಡಿಗೆಗೆ ಕೊಡುತ್ತೇನೆ, ಕಿತ್ತ ಪಟ್ಟಿ ಹೊಲಿಯುತ್ತೇನೆ, ಸ್ಕೀಗಳ ತಳಕ್ಕೆ ಮೇಣ ಹಚ್ಚುತ್ತೇನೆ. ರಜೆಗೆ ಬಂದು ಒಂದೆರಡು ದಿನ ಹಿಮದಲ್ಲಿ ಜಾರಿ, ಸೊಂಟ ಹಿಡಿದುಕೊಂಡು ಹೋಗುವವರ ಸ್ಕೀಗಳಿಗೆ ಅಂಚನ್ನೂ ಉಜ್ಜಿಕೊಡುತ್ತೇನೆ. ಪಂದ್ಯಕ್ಕೆ ಇಳಿಯುವವರದ್ದು ಮಾತ್ರ ಮುಟ್ಟುವುದಿಲ್ಲ, ಕೆಳಗಿನ ಅಂಗಡಿಗೆ ಕಳಿಸಿಬಿಡುತ್ತೇನೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಚೋಟು ಬಿದ್ದ ಇಳಿಜಾರು ಅಂಗಡಿಯ ಕಿಟಕಿಯಿಂದ ಕಾಣುತ್ತದೆ, ಕೇಳುವುದಕ್ಕೆ ಯಾರಿಗೆ ಬಾಯಿ ಬಂದೀತು? ಆ ಕಿಟಕಿಗೆ ಪರದೆ ಹಾಕಿಸಿದೆ. ಎರಡೇ ದಿನಕ್ಕೆ ತೆಗೆದುಬಿಟ್ಟೆ, ಅವನನ್ನೇ ಮರೆಮಾಡಿದ ಹಾಗಾಗುತ್ತಿತ್ತು.

ಈಗ ಸುದ್ದಿ. ಕೂತುಕೊಂಡು ಓದಿ. ನಮ್ಮ ಅಂಗಡಿಗೆ ಬಡಗಿ ಬಂದಿದ್ದರು. ಬಾಗಿಲು ರಿಪೇರಿ ಮಾಡುವವನಲ್ಲ, ನಿಮ್ಮ ಬಡಗಿ. ಇಷ್ಟು ವರ್ಷ ನೀವು ಊಟದ ಮೇಜಿನಲ್ಲಿ ಯಾರ ಪರವಾಗಿ ಬಿಟ್ಟಿ ವಕಾಲತ್ತು ಮಾಡಿದಿರೋ, ಅದೇ ಹಳೆಯ ಸ್ಕೀ ಚಾಂಪಿಯನ್. ಈ ವಾರದ ಪಂದ್ಯಕ್ಕೆ ಬಹುಮಾನ ಕೊಡಲು ಕರೆಸಿದ್ದರಂತೆ. ಯಾರೋ ಒಬ್ಬ ಮುದುಕರು ಕೋಲೂರಿಕೊಂಡು ಒಳಗೆ ಬಂದರು. ನಾನು ತಲೆಯೆತ್ತದೆ ಬೂಟಿನ ಸೈಜು ಎಷ್ಟು ಅಂತ ಕೇಳಿದೆ. ಪುಣ್ಯಾತ್ಮರು ಸೈಜು ಹೇಳಿಯೂ ಬಿಟ್ಟರು. ಬೂಟು ತಂದಿಟ್ಟು ಮುಖ ನೋಡುತ್ತೇನೆ, ಗೋಡೆಯ ಮೇಲೆ ನೀವು ಅಂಟಿಸಿದ ಫೋಟೋದ ಅದೇ ಸೊಟ್ಟ ಮೂಗು! ನಾಚಿಕೆಯಿಂದ ಭೂಮಿಗಿಳಿದು ಹೋದೆ. ಬೇಕರಿಯವನು ಅವರಿಗೆ ನಿಮ್ಮ ವಿಷಯ ಹೇಳಿದ್ದನಂತೆ: ಬಡಗಿಯ ಪರವಾಗಿ ಮಗನ ಹತ್ತಿರ ದಿನಾ ಜಗಳ ಕಾಯುತ್ತಿದ್ದವನೊಬ್ಬ ಇಲ್ಲಿದ್ದಾನೆ ಅಂತ. ಆ ಮಗನಿಗೆ ಏನಾಯಿತು ಅಂತಲೂ ಹೇಳಿದ್ದ. ಅವರು ನಿಮ್ಮನ್ನು ನೋಡಲೆಂದೇ ಬಂದಿದ್ದರು. ಕೆಲಸದ ಮೇಲೆ ದೂರ ಹೋಗಿದ್ದಾರೆ ಅಂದೆ. ಅವರು ಹೂಂ ಅಂದರು, ನಂಬಲಿಲ್ಲ.

ಅವರಿಗೆ ಚಹಾ ಕೊಟ್ಟು, ಬಡಗಿ ದೊಡ್ಡವರೋ ಗಿಳಿ ದೊಡ್ಡವಳೋ ಅನ್ನುವ ನಮ್ಮ ಮನೆಯ ಜಗಳವನ್ನೆಲ್ಲ ಹೇಳಿದೆ. ನೀವು ಯಾವತ್ತೂ ಗಡಿಯಾರ ನೋಡಿ ಅಳೆಯಬಾರದು ಅನ್ನುತ್ತಿದ್ದಿರಿ. ಹಿಮ ಬೇರೆ, ಹಲಗೆ ಬೇರೆ, ದಾರಿ ಬೇರೆ. ಅವತ್ತಿನ ದಿನ ಎರಡನೆಯವನಿಗಿಂತ ಎಷ್ಟು ಮುಂದಿದ್ದ ಅನ್ನುವುದೊಂದೇ ನ್ಯಾಯವಾದ ಅಳತೆ, ಆ ಅಳತೆಯಲ್ಲಿ ಬಡಗಿಯ ಮುಂದೆ ಯಾರೂ ನಿಲ್ಲಲ್ಲ ಅಂತ. ಚೋಟು ಬಿಡುತ್ತಿದ್ದನೇ? ಆಗ ನಾಲ್ಕು ಹಳ್ಳಿಯವರು ಸೇರಿ ಜಾರುತ್ತಿದ್ದರು, ಮುಂದಿರುವುದೇನು ಮಹಾ. ಈಗ ಎಲ್ಲರೂ ಒಂದೇ ಯಂತ್ರದಲ್ಲಿ ತಯಾರಾದವರು, ಅವರ ನಡುವೆ ಕಣ್ಣು ಮಿಟುಕಿಸುವಷ್ಟು ಮುಂದೆ ಬರುವುದೇ ದೊಡ್ಡದು, ಅದನ್ನು ಗಿಳಿ ವರ್ಷಗಟ್ಟಲೆ ಮಾಡಿ ತೋರಿಸಿದ್ದಾಳೆ ಅನ್ನುತ್ತಿದ್ದ. ಹಸಿರು ಬಟ್ಟೆ ತೊಟ್ಟು ಇಳಿಯುವ ಆ ಗಿಳಿಯ ಹುಚ್ಚು ಅವನಿಗೆ. ನನ್ನ ಪಾಲಿಗೆ ದೊಡ್ಡವನು ಅಂದರೆ ಇಬ್ಬರ ನಡುವಿನ ಕಾಲದ ಆ ನಿದ್ದೆಗಣ್ಣ. ಹೊರಡುವ ಗೇಟಿನಲ್ಲಿ ಆಕಳಿಸುತ್ತಾ ನಿಂತು, ಬೀಳದೆ ಎಡವದೆ ಕೆಳಗೆ ಮುಟ್ಟುತ್ತಿದ್ದನಲ್ಲ, ಅವನು. ನಿದ್ದೆಗಣ್ಣನ ಹೆಸರೆತ್ತಿದರೆ ಸಾಕು, ಅಪ್ಪ ಮಗ ಒಂದಾಗಿ ನನ್ನ ಮೇಲೆ ಮುಗಿಬೀಳುತ್ತಿದ್ದಿರಿ. ಇದನ್ನು ಹೇಳುವಾಗ ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ.

ಬಡಗಿ ಎದ್ದು ಹೋಗಿ, ಕಟ್ಟೆಯ ಮೇಲಿದ್ದ ಒಂದು ಸ್ಕೀಯ ಅಂಚಿಗೆ ಉಗುರು ಕೆರೆದು ನೋಡಿದರು. ನೀವು ಮಾಡುವ ಹಾಗೆಯೇ! ಉಗುರಿನಿಂದ ಬಿಳಿ ಪುಡಿ ಎದ್ದರೆ ಅಂಚು ಹರಿತ, ಬರೀ ಜಾರಿದರೆ ಮೊಂಡು. ತುದಿಗೆ ಬಂದಾಗ ಉಗುರು ಜಾರಿತು, ಇದೇಕೆ ಹೀಗೆ ಅಂದರು. ನೀವು ಕಲಿಸಿದ್ದನ್ನು ಒಪ್ಪಿಸಿದೆ: ತುದಿಯ ನಾಲ್ಕು ಬೆರಳಷ್ಟನ್ನು ರಬ್ಬರಿನ ಕಲ್ಲಿನಿಂದ ಉಜ್ಜಿ ಮೊಂಡು ಮಾಡಬೇಕು, ಇಲ್ಲದಿದ್ದರೆ ತಿರುವಿನಲ್ಲಿ ತುದಿ ಹಿಮಕ್ಕೆ ಕಚ್ಚಿಕೊಂಡು ಆಳನ್ನು ಎತ್ತಿ ಒಗೆಯುತ್ತದೆ. ಅವರು ಬಹಳ ಹೊತ್ತು ಆ ತುದಿಯನ್ನೇ ಸವರುತ್ತಾ ನಿಂತರು. ಅವರ ಕಾಲದಲ್ಲಿ ಇದೆಲ್ಲ ಗೊತ್ತೇ ಇರಲಿಲ್ಲವಂತೆ. ಗರಗಸಕ್ಕೆ ಹಾಕುವ ಅರದಿಂದಲೇ ಆ ತುದಿಯಿಂದ ಈ ತುದಿಗೆ ಉಜ್ಜಿ ಹೊರಟುಬಿಡುತ್ತಿದ್ದರಂತೆ. ದಾರಿಯ ಪಕ್ಕದಲ್ಲಿ ಬಿದ್ದವರನ್ನು ತಡೆಯುವ ಬಲೆ ಇಲ್ಲ, ಹುಲ್ಲಿನ ಪೆಂಡಿಗಳು ಮಾತ್ರ.

ಹಾಗಾದರೆ ನೀವೇ ಹೇಳಿಬಿಡಿ, ನೀವು ದೊಡ್ಡವರೋ ಗಿಳಿ ದೊಡ್ಡವಳೋ ಅಂತ ಕೇಳಿದೆ. ಚೋಟುವಿನ ಪರವಾಗಿ ನಾನಲ್ಲದೆ ಇನ್ಯಾರು ಕೇಳಬೇಕು? ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. "ಆ ಹುಡುಗಿ ನನಗಿಂತ ಚೆನ್ನಾಗಿ ಇಳೀತಾಳಮ್ಮ, ಅದರಲ್ಲೇನೂ ಅನುಮಾನ ಇಲ್ಲ. ಆದ್ರೆ ನಮ್ಮಿಬ್ಬರಿಗಿಂತ ದೊಡ್ಡವನು ಒಬ್ಬ ಇದ್ದ, ನನ್ನ ಜೊತೆಗಾರ. ನನ್ನ ಕೈಯಲ್ಲೇ ಮಾಡಿದ ಸ್ಕೀ ಹಲಗೆ, ಅವನಿಗೊಂದು ಜೊತೆ, ನನಗೊಂದು ಜೊತೆ. ಅದೇ ಮರ, ಅದೇ ಅರ. ನಾನು ಕೆಳಗೆ ಬಂದೆ, ಅವನು ಬರಲಿಲ್ಲ. ನೀವೆಲ್ಲ ದೊಡ್ಡವರು ಅಂತ ಲೆಕ್ಕ ಹಾಕೋದು ಬದುಕಿ ಉಳಿದವರನ್ನ ಮಾತ್ರ." ಆಮೇಲೆ ತಮ್ಮ ಕೈ ತೋರಿಸಿದರು. ಅವನ ಹಲಗೆಯಲ್ಲಿ ಏನು ತಪ್ಪು ಮಾಡಿದೆ ಅಂತ ಈ ಕೈಯನ್ನು ಇವತ್ತಿಗೂ ಕೇಳುತ್ತಾ ಇದ್ದೀನಿ ಅಂದರು. ಜೊತೆಗಾರನ ತಾಯಿ ಇರುವ ತನಕ ಅವರ ಮನೆಯ ಹೊಸಿಲು ತುಳಿಯಲು ಧೈರ್ಯ ಬರಲಿಲ್ಲವಂತೆ. ಆಕೆ ಸತ್ತ ಮೇಲೆ ಗೊತ್ತಾಯಿತಂತೆ, ಆಕೆ ಪ್ರತಿ ಭಾನುವಾರ ಇವರಿಗೂ ಒಂದು ತಟ್ಟೆ ಇಟ್ಟು ಕಾಯುತ್ತಿದ್ದಳು ಅಂತ. ಹೊರಡುವಾಗ ಬಾಗಿಲಲ್ಲಿ ನಿಂತು, ನಿಮ್ಮ ಯಜಮಾನರಿಗೆ ಇದನ್ನು ಬರೀಮ್ಮ ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ರೀ, ಆ ಕೊನೆಯ ಬೆಳಿಗ್ಗೆಯ ವಿಷಯ ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ. ನೀವು ಈ ಕಟ್ಟೆಯ ಮೇಲೆ ಅವನ ಸ್ಕೀ ಇಟ್ಟುಕೊಂಡು ತಯಾರು ಮಾಡುತ್ತಿದ್ದಿರಿ. ಎಡಗಾಲಿನದ್ದು ಮುಗಿದಿತ್ತು. ಚೋಟು ಅಲ್ಲಿ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಾ, ನಿಮ್ಮ ಬಡಗಿಗೆ ಇವತ್ತಿನ ಇಳಿಜಾರು ತೋರಿಸಿದರೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಾನೆ ಅಂದ. ನೀವು ಕೆಲಸ ಬಿಟ್ಟು, ರಬ್ಬರಿನ ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ, ಬಡಗಿ ಹೇಗೆ ಬಗ್ಗುತ್ತಿದ್ದರು ಅಂತ ಬಗ್ಗಿ ತೋರಿಸಲು ಹೋದಿರಿ, ಸೊಂಟ ಹಿಡಿದುಕೊಂಡಿತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟರಲ್ಲಿ ಹೊರಗೆ ತಂಡದ ಗಾಡಿ ಹಾರನ್ ಹೊಡೆಯಿತು. ಅವನು ಎರಡೂ ಸ್ಕೀ ಹೆಗಲಿಗೇರಿಸಿಕೊಂಡು, ಅಪ್ಪಾ, ಸಂಜೆ ಬಂದು ಸೋಲಿಸ್ತೀನಿ ಅಂತ ಹೇಳಿ ಓಡಿದ. ಆ ನಗು ಇನ್ನೂ ಈ ಕೋಣೆಯಲ್ಲೇ ಇದೆ. ಅದನ್ನು ಕೇಳಿಸಿಕೊಳ್ಳುವುದಕ್ಕೆ ನಾನೊಬ್ಬಳೇ ಉಳಿದಿದ್ದೇನೆ, ನನ್ನಿಂದ ಆಗುತ್ತಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವನು ಹೋದ, ಕೈ ಹಿಡಿದವರೂ ಹೋದರೆ ನಾನು ಯಾರ ಹತ್ತಿರ ಅಳಲಿ?

ಬೇಕರಿಯವನೂ ಅವನ ಹೆಂಡತಿಯೂ ಕೇಳಿದೆವು ಅಂತ ಹೇಳಲು ಹೇಳಿದ್ದಾರೆ. ನಿಮ್ಮ ಅಕ್ಕ ಫೋನು ಮಾಡಿದಾಗಲೆಲ್ಲ ನಿಮಗೆ ಎರಡು ಬೈದು, ಆಮೇಲೆ ಅತ್ತುಬಿಡುತ್ತಾರೆ. ಮೈ ಬೆಚ್ಚಗಿಟ್ಟುಕೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮ ಕೈಕಾಲು ಗಟ್ಟಿಯಾಗಿಟ್ಟಿರಲಿ.

ನಿಮ್ಮವಳು,
ಚೋಟುವಿನ ಅಮ್ಮ

ತಾ.ಕ., ಸೋಮವಾರ ಬೆಳಿಗ್ಗೆ: ಲಕೋಟೆ ಅಂಟಿಸಿದ್ದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ನೀವು ಯಾರಿಗೂ ಬಿಚ್ಚಗೊಡದೆ ಕಂಬಳಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೀರಲ್ಲ, ಆ ಸ್ಕೀಗಳನ್ನು ನಾನು ಅದಕ್ಕೂ ಮೊದಲೇ ನೋಡಿದ್ದೆ. ಅವನನ್ನು ಮಣ್ಣು ಮಾಡಿ ಬಂದ ದಿನವೇ, ನೀವು ಮುಂದಿನ ಕೋಣೆಯಲ್ಲಿ ಜನರ ನಡುವೆ ಕೂತಿದ್ದಾಗ, ಉಗುರು ಕೆರೆದು ನೋಡಿದೆ. ಎಡಗಾಲಿನದ್ದರ ತುದಿಯಲ್ಲಿ ಉಗುರು ಜಾರಿತು. ಬಲಗಾಲಿನದ್ದರಲ್ಲಿ ತುದಿಯ ತನಕ ಬಿಳಿ ಪುಡಿ ಎದ್ದಿತು. ಅವನನ್ನು ಬೀಳಿಸಿದ್ದು ಆ ತುದಿಯೋ, ಅಲ್ಲವೋ, ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀವು ಓಡಿಹೋದದ್ದು ನನಗೆ ಅದು ಗೊತ್ತಾದೀತು ಅನ್ನುವ ಹೆದರಿಕೆಗೆ ತಾನೇ? ಗೊತ್ತಿತ್ತು ಕಣ್ರೀ. ಗೊತ್ತಿದ್ದೇ ನೀವು ಹೊರಡುವ ತನಕ ದಿನಾ ನಿಮಗೆ ಬಡಿಸಿದೆ, ನಿಮ್ಮ ಪಕ್ಕದಲ್ಲೇ ಮಲಗಿದೆ. ಗೊತ್ತಿದ್ದೇ ಕರೆಯುತ್ತಿದ್ದೇನೆ, ಮನೆಗೆ ಬನ್ನಿ.