ಹೊರಗ ತೆಗದ ನಾಕು ಪುಸ್ತಕ

೬ ಜನವರಿ, ಸೋಮವಾರ. ಸಂಜಿ ೫.೩೦

ವಾಚನಾಲಯದ ಶಟರ್ ಮತ್ತ ಜಾಮ್. ಎರಡೂ ಕೈ ಹಚ್ಚಿ ಎತ್ತಿದೆ. ಪೇಪರ್ ಹಾಕಿದೆ, ಧೂಳ ಹೊಡದೆ. ಎಂಟು ಮಂದಿ ಪೇಪರಿಗೆ ಬಂದ್ರು, ಒಬ್ಬಾಕಿ ಪುಸ್ತಕಕ್ಕ.

ಆಕಿ ಯೋಗಿತಾ. ಬಿ.ಎ. ಎರಡನೇ ವರ್ಷ. ನಮ್ಮ ಅತ್ತಿ ಗುರಮ್ಮನ ಪುಸ್ತಕ ವಾಪಸ್ ತಂದ್ಲು. "ವೈನಿ, ನಮ್ಮವ್ವಗ ಓದಿ ಹೇಳ್ದೆ. ಇದು ಮನ್ಯಾಗಿನ ಮಾತದ, ಪುಸ್ತಕದಾಗ ಹ್ಯಾಂಗ ಬಂತು ಅಂತ ಕೇಳಿದ್ಲು."

ಹ್ಯಾಂಗ ಬಂತಂದ್ರ — ಅತ್ತಿ ಕುರಿ ಕಾಯ್ಕೋತ ಹೇಳಿದ್ದು, ನಾ ಬರಕೊಂಡಿದ್ದು. ಮಾತು ಕನ್ನಡ, ಅಕ್ಷರ ಮರಾಠಿ. ನನ್ನ ತವರು ಬೀದರ ಕಡೆ, ನನಗ ಕನ್ನಡ ಅಕ್ಷರ ಬರ್ತಾವ. ಗಡಿ ಈಚಿಗೆ ಇಲ್ಲಿಯವರು ಕಲ್ತಿದ್ದು ಮರಾಠಿ ಸಾಲಿ, ಅವರು ಓದಲಿ ಅಂತ ಆ ಅಕ್ಷರ. ಕುಡುಕ ಗಂಡ ಹೊಡ್ದಾಗ ಅತ್ತಿ ಕೂಸಿನ್ನ ಬೆನ್ನಿಗೆ ಕಟಗೊಂಡು, ಕುರಿ ಹೊಡಕೊಂಡು ಹೊಂಟಳು. ಹನ್ನೊಂದು ವರ್ಷ ತಿರುಗಿ ನೋಡ್ಲಿಲ್ಲ. ಅದೇ ಕಥಿ. ಉದಗೀರದಾಗ ಛಾಪಿಸಿದ್ವಿ.

೮ ಜನವರಿ, ಬುಧವಾರ

ವಾಚನಾಲಯದ ಅಧ್ಯಕ್ಷರು ಬಂದಿದ್ರು — ಮನ್ಮಥಪ್ಪ. ಕೂಡ್ರಲಿಲ್ಲ. ಅತ್ತಿ ಪುಸ್ತಕ ಎತ್ತಿ ತೋರ್ಸಿದ್ರು.

"ವಿಜಯಶ್ರೀ, ತಕರಾರು ಬಂದದ. ಇದ್ರಿಂದ ಹೆಣ್ಮಕ್ಕಳ ತಲಿ ಕೆಡ್ತದ."

"ಯಾರ ತಕರಾರ್ರೀ?"

"ಮಂದೀದು."

"ಆ ಮಂದಿ ಓದ್ಯಾರ ಏನ್ರೀ?"

"ಓದೋದು ಯಾಕ ಬೇಕು? ಮರಾಠಿನೂ ಅಲ್ಲ, ಕನ್ನಡನೂ ಅಲ್ಲ. ಇದ್ಯಾತರ ಪುಸ್ತಕ?"

ನಾವೂ ಹಂಗೇ ಇದ್ದೀವಲ್ಲ! ಮನ್ಯಾಗ ಒಂದು, ಸಾಲ್ಯಾಗ ಒಂದು. ನೀವೂ ಮನ್ಯಾಗ ಹಿಂಗೇ ಮಾತಾಡ್ತೀರಲ್ರೀ ಅಂದೇ ಬಿಟ್ಟೆ. ಮಾರಿ ಕೆಂಪಗಾತು.

ಮತ್ತ ಮೂರು ಪುಸ್ತಕದ ಮ್ಯಾಲ ಬಟ್ಟ ಇಟ್ರು. ಹುಡುಗ್ಯಾರ ಮುಟ್ಟಿನದು. ಬ್ಯಾರೆ ಜಾತ್ಯಾಗ ಲಗ್ನ ಆದವರದು. ದೇವರಿಲ್ಲ ಅಂಬೋ ಮಾಸ್ತರಂದು. ನಾಕೂ ತೆಗಿ ಅಂದ್ರು.

"ಬರ್ದು ಕೊಡ್ರಿ" ಅಂದೆ.

"ಕೆಲಸ ಬ್ಯಾಡಾಗ್ಯಾದ ಕಾಣ್ತದ" ಅಂದು ಹೊಂಟ್ರು.

ಬೇಕು. ಭಾಳ ಬೇಕು. ಆದ್ರ ಅತ್ತಿಗೆ ಏನಂತ ಹೇಳ್ಲಿ? ನಿನ್ನ ಜಲ್ಮ ಇಲ್ಲಿ ಇಡಂಗಿಲ್ಲ ಅಂತಾರ ಅಂತನಾ?

೧೫ ಜನವರಿ, ಬುಧವಾರ

ಏಳು ದಿನ ಬರೀಲಿಲ್ಲ. ಸಿಟ್ಟು.

ಇವತ್ತು ಚಿಟ್ಠಿ ಬಂತು. ವಾಚನಾಲಯದ ಶಿಕ್ಕಾ ಒತ್ತಿದ್ದು, ಅಧ್ಯಕ್ಷರ ಸಹಿ, ನಾಕು ಪುಸ್ತಕದ ಹೆಸರು. ಮ್ಯಾಲ ಮರಾಠಿಯಾಗ ಒಂದೇ ಸಾಲು — ‘ಹೀ ಪುಸ್ತಕೇ ಉದ್ಯಾಚ ಬಾಹೇರ ಕಾಢಾ.’ ಈ ಪುಸ್ತಕ ನಾಳೇನೇ ಹೊರಗ ತೆಗೀರಿ.

ಅತ್ತಿಗೆ ಓದಿ ಹೇಳ್ದೆ. ಆಕಿ ರೊಟ್ಟಿ ಬಡ್ಯೋದು ನಿಲ್ಸಿದ್ಲು.

"ಹೊರಗ ಅಂದ್ರ ಎಲ್ಲಿ? ಅಂಗಳದಾಗೋ, ಬಜಾರದಾಗೋ?"

ನಗು ಬಂತು. ಆಮ್ಯಾಲ ನಗು ನಿಂತಿತು. ನಾಳೆ ಗುರುವಾರ, ಸಂತಿ ಬಜಾರ!

ಮೀಟಿಂಗದಾಗ ಅಧ್ಯಕ್ಷರು ಯಾವಾಗ್ಲೂ ಅಂತಾರ — ವಿಜಯಶ್ರೀಗೆ ಮರಾಠಿ ಅರ್ಧಮರ್ಧ ತಿಳೀತದ. ಆತು. ಹಂಗೇ ತಿಳಕೋತೀನಿ.

೧೬ ಜನವರಿ, ಗುರುವಾರ. ಸಂಜಿ ೬.೩೦

ಹೊರಗ ತೆಗದೆ!

ವಾಚನಾಲಯದ ಬಾಗಲ ಮುಂದ, ಬಜಾರದ ಕಡೆ ಟೇಬಲ್. ಮ್ಯಾಲ ಅತ್ತಿ ಕಂಬಳಿ, ಕಂಬಳಿ ಮ್ಯಾಲ ನಾಕು ಪುಸ್ತಕ, ಬಾಜೂಕ ಚಿಟ್ಠಿ — ಶಿಕ್ಕಾ ಕಾಣೋಹಂಗ. ಯೋಗಿತಾ ಅತ್ತಿ ಪುಸ್ತಕ ಜೋರಾಗಿ ಓದಲಿಕ್ಕ ಹತ್ತಿದ್ಲು. ಬಜಾರಕ್ಕ ಬಂದ ಹೆಣ್ಮಕ್ಕಳು ಚೀಲ ಇಳಿಸಿ ಕೂತ್ರು. "ಅಯ್ಯ, ನಮ್ಮ ಮಾತಿನಾಗೇ ಅದ ನೋಡವ್ವ!" ಹೊಡ್ತದ ಕಡೆ ಬಂದಾಗ ಒಬ್ಬಾಕಿ ಬಾಯಿಗೆ ಸೆರಗ ಹಚ್ಚಿ ಅತ್ಲು. ಅತ್ತಿ ಆಕಿ ಕೈ ಹಿಡದ್ಲು. "ಅಳಬ್ಯಾಡ ತಂಗಿ. ಮುಂದ ನಾ ಅವನ್ನ ಬಿಟ್ಟು ಹೋಗ್ತೀನಿ, ಕೇಳು."

ದೂರ, ಕೈಬಳಿ ಅಂಗಡಿ ಬಾಜೂಕ ಪ್ರಯಾಗಬಾಯಿ ನಿಂತಿದ್ರು, ಅಧ್ಯಕ್ಷರ ಹೆಂಡ್ತಿ. ಬಳಿ ನೋಡ್ಲಿಲ್ಲ, ಕೇಳಕೋತ ನಿಂತಿದ್ರು.

ಅಷ್ಟ್ರಾಗ ಅಧ್ಯಕ್ಷರೇ ಬಂದ್ರು. ಪ್ರಯಾಗಬಾಯಿ ಸರಕ್ಕನ ಹೋಗಿಬಿಟ್ರು.

"ಏನಿದು ತಮಾಶಾ?"

"ನೀವೇ ಬರ್ದೀರಲ್ರೀ. ಬಾಹೇರ ಕಾಢಾ. ತೆಗದೀನಿ."

"ಅದರ ಅರ್ಥ..."

"ನನ್ನ ಮರಾಠಿ ನಿಮಗ ಗೊತ್ತೇ ಅದಲ್ರೀ."

ಬಜಾರಕ್ಕ ಬಜಾರೇ ನಕ್ಕಿತು. ಮನ್ಮಥಪ್ಪ ಒದರಿದ್ರು. "ಒಳಗ ಇಡು! ಈಗಿಂದೀಗ ನಾಕೂ ಒಳಗ ಇಡು!"

"ಬರ್ದು ಕೊಡ್ರಿ."

ನನ್ನ ಪೆನ್ನೇ ಕಸಕೊಂಡ್ರು. ಆ ಚಿಟ್ಠಿ ಹಿಂದೇ ಬರದ್ರು — ‘ಹೀ ಪುಸ್ತಕೇ ಆತ ಠೇವಾ.’ ಈ ಪುಸ್ತಕ ಒಳಗ ಇಡ್ರಿ. ತಾರೀಖು, ಸಹಿ.

ಒಳಗ ಇಟ್ಟೀನಿ. ಅದೇ ಕಪಾಟದಾಗ, ಅದೇ ಜಾಗಾದಾಗ.

೨೦ ಜನವರಿ, ಸೋಮವಾರ. ಮಧ್ಯಾಹ್ನ ೩

ನಾಕಕ್ಕ ಮೀಟಿಂಗ್. ನನ್ನ ಕೆಲಸದಿಂದ ತೆಗೀಬೇಕು ಅಂತ. ತೆಗೀಲಿ, ಯಾಕ ಅಂತ ಬರ್ದು ಕೊಟ್ಟು ತೆಗೀಲಿ. ಚಿಟ್ಠಿ ಎರಡೂ ಬಾಜೂ ಝೆರಾಕ್ಸ್ ಮಾಡ್ಸೀನಿ. ಮೂಲ ಚಿಟ್ಠಿ ಅತ್ತಿ ಸಂಚಿಯಾಗ ಅದ. ಅಂಜಿಕಿ ಆಗ್ಯಾದ, ಸುಳ್ಳ ಯಾಕ ಹೇಳ್ಲಿ. ಆದ್ರೂ ಬಗ್ಗಂಗಿಲ್ಲ.

ಬಾಗಲದಾಗ ಯಾರೋ ನಿಂತಾರ. ಪ್ರಯಾಗಬಾಯಿ! ಚಪ್ಪಲ್ ಹೊರಗ ಬಿಟ್ಟು ಒಳಗ ಬಂದಾರ.

"ನನಗ ಓದಲಿಕ್ಕ ಬರಲ್ಲವ್ವ. ಅವತ್ತು ಅರ್ಧಕ್ಕೇ ಬಿಟ್ಟು ಹೋದೆ. ಆಕಿ ಕುರಿ ಹೊಡಕೊಂಡು ಹೊಂಟಳಲ್ಲ... ಮುಂದ?"

ಕೂಡ್ರಿ ಅಂದೀನಿ. ನಾಕಕ್ಕ ಇನ್ನೂ ಟೈಮ್ ಅದ. ಅತ್ತಿ ಪುಸ್ತಕದ ಇಪ್ಪತ್ತೆರಡನೇ ಪುಟ ತೆಗ್ದು —