ತಲೆದಿಂಬಿನ ಪಕ್ಕದ ಡಬ್ಬಿ

ನವನಗರ, ಬಾಗಲಕೋಟೆ
೧೨ ಜನವರಿ ೨೦೨೫

ಯಜಮಾನರಾದ ಬೀರೇಶ ಅವರಿಗೆ ಭಾಗ್ಯಾ ಮಾಡುವ ನಮಸ್ಕಾರ.

ಇಲ್ಲಿ ನಾನು ಕ್ಷೇಮ, ನಿಮ್ಮ ಜೇಡವೂ ಕ್ಷೇಮ. ನೀವು ಗಾಡಿಯಿಂದ ಬಿದ್ದು ಎರಡೂ ಮುಂಗೈ ಮುರಿದುಕೊಂಡಿರಿ, ಹುನಗುಂದದಲ್ಲಿ ನಿಮ್ಮ ಅಕ್ಕನ ಮನೆಯಲ್ಲಿ ಮಲಗಿದ್ದೀರಿ ಎಂಬ ಸುದ್ದಿ ಬಂದ ದಿನ ಅಯ್ಯೋ ಅನ್ನಲು ಬಾಯಿ ತೆರೆದೆ. ಬರಲಿಲ್ಲ. ಸುಳ್ಳು ಯಾಕೆ ಬರೆಯಲಿ, ಖುಷಿಯಾಯಿತು.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬಹುದು. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀವು ಕಟ್ ಮಾಡುತ್ತೀರಿ. ಎದುರಿಗಿದ್ದರೆ ಎದ್ದು ಹೋಗುತ್ತೀರಿ. ಈ ಕಾಗದವನ್ನು ಈಗ ನೀವು ಕಸಿದುಕೊಳ್ಳುವ ಹಾಗಿಲ್ಲ, ಹರಿಯುವ ಹಾಗೂ ಇಲ್ಲ. ನಿಮ್ಮ ಅಕ್ಕ ಮಾಳಕ್ಕನವರೇ ಓದಿ ಹೇಳಬೇಕು. ಅಕ್ಕನವರೇ, ನಿಮಗೂ ನಮಸ್ಕಾರ. ನಿಮ್ಮ ಮನೆತನದ ಹಿರಿಯರಾದ ಅಮಸಿದ್ದಪ್ಪ ಕಾಕಾ ಅವರನ್ನೂ ಕರೆದು ಕೂರಿಸಿಕೊಳ್ಳಿ. ನಡುವೆ ನಿಮ್ಮ ತಮ್ಮ "ಸಾಕ್ ಬಿಡಬೇ" ಅಂದರೆ ನಿಲ್ಲಿಸಬೇಡಿ, ಇನ್ನಷ್ಟು ಗಟ್ಟಿಯಾಗಿ ಓದಿ.

ಮೊನ್ನೆ ಕಾಕಾ ಎರಡನೆಯ ಸಲ ಬಂದಿದ್ದರು. "ಗಂಡ ಹಾಸಿಗಿ ಹಿಡದಾನ, ಪ್ಲಾಸ್ಟರ್ ಬಿಚ್ಚಾಕ ಇನ್ನೂ ತಿಂಗಳು ಬೇಕು. ತುತ್ತು ಮಾಡಿ ಉಣಸಾಕ ಹೆಂಡ್ತಿ ಬೇಕವಾ. ಅಮಾಸಿ ಒಳಗ ಹೋಗು" ಎಂದರು. ಹೋಗದಿದ್ದರೆ ಹೆಂಡತಿಯೇ ಗಂಡನನ್ನು ಬಿಟ್ಟಳು ಎಂದು ಹಿರಿಯರು ತೀರ್ಮಾನ ಮಾಡುತ್ತಾರೆ, ಆಮೇಲೆ ಈ ಮನೆಯಲ್ಲಿ ನನಗೆ ಜಾಗ ಇರುವುದಿಲ್ಲ ಎಂದೂ ಹೇಳಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು; ಹಿರಿಯರ ಲೆಕ್ಕ ಯಾವಾಗಲೂ ಹೀಗೆಯೇ. ಜೇಡಕ್ಕೆ ತಿನ್ನಲು ಯಾರು ಹಾಕುತ್ತಾರೆ ಎಂದು ನೆಪ ಹೇಳಿದೆ. ಕಾಕಾ ನಕ್ಕು, "ಅದನ್ನೂ ತಗೊಂಡ ಹೋಗು, ಅಂವಂದು ಅದರ ಮ್ಯಾಲ ಭಾಳ ಜೀವ" ಎಂದುಬಿಟ್ಟರು.

ಆ ಜೀವದ ಕಥೆ ನಿಮ್ಮ ಕಡೆಯವರಿಗೆ ಗೊತ್ತಿಲ್ಲ. ನೀವು ಅದನ್ನು ಶೋಕಿಗೆ ತಂದಿರಿ ಎಂದೇ ಎಲ್ಲರೂ ನಂಬಿದ್ದಾರೆ. ಅವ್ವ ಕುರಿ ಮಾರಿ ಕೊಡಿಸಿದ ಹೊಲಿಗೆ ಮಿಷನ್ನಿನ ಮೇಲೆ ನಾನು ಗುಳೇದಗುಡ್ಡ ಖಣದ ಕುಪ್ಪಸ ಹೊಲಿಯುತ್ತಿದ್ದೆ. ಓಣಿಯ ಹೆಂಗಸರು ಬರುತ್ತಿದ್ದರು, ಮನೆಯಲ್ಲಿ ನಗು ಕೇಳಿಸುತ್ತಿತ್ತು. ಅದನ್ನು ಸಹಿಸಲು ನಿಮಗೆ ಆಗಲಿಲ್ಲ. ಹೊಲಿಯುವುದು ಬಿಡು ಎಂದಿರಿ, ನಾನು ಬಿಡಲಿಲ್ಲ. ದಸರೆ ಮುಗಿದ ವಾರವೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಗೈಯಗಲದ ಆ ಕೂದಲಿನ ಜೇಡ, ಟರಾಂಟುಲಾ, ಬಂತು. ಮಿಷನ್ ಮೇಲೆಯೇ ಇಟ್ಟಿರಿ. "ಕಡಿದ್ರ ಎರಡು ಹೆಜ್ಜಿ ಇಡೂದ್ರಾಗ ಸಾಯ್ತಿ. ಈಗ ಹೊಲಿ ನೋಡೂಣು" ಎಂದಿರಿ. ಹೆಂಗಸರು ಬರುವುದು ನಿಂತಿತು. ಸಾರಿಗೆ ಉಪ್ಪು ಹೆಚ್ಚಾದ ದಿನ ಡಬ್ಬಿ ಒಲೆಯ ಪಕ್ಕಕ್ಕೆ ಬರುತ್ತಿತ್ತು. ತವರಿಗೆ ಹೋಗುತ್ತೇನೆ ಎಂದ ದಿನ ನನ್ನ ತಲೆದಿಂಬಿನ ಪಕ್ಕಕ್ಕೆ ಬಂತು, ಮುಚ್ಚಳದ ಕೊಂಡಿ ಅರ್ಧ ತೆಗೆದು. ನಾನು ರಾತ್ರಿಯಿಡೀ ಗೋಡೆಗೆ ಒರಗಿ ಕೂತೆ. ನೀವು ಗೊರಕೆ ಹೊಡೆದಿರಿ. ಅಕ್ಕನವರೇ, ನೀವೂ ಹೆಣ್ಣುಮಗಳು, ಇಲ್ಲಿ ಸ್ವಲ್ಪ ನಿಂತು ಅವರ ಮುಖ ನೋಡಿ ಮುಂದೆ ಓದಿ.

ನೀವು ಬಿದ್ದ ಮೇಲೆ ನನ್ನ ಮೊದಲ ಕೆಲಸ ಅದನ್ನು ಉಪವಾಸ ಕೆಡವಿದ್ದು. ನೀವು ಕೈಗೆ ಸಿಗಲಿಲ್ಲ, ಅದು ಸಿಕ್ಕಿತು. ಡಬ್ಬಿಯ ಮೇಲೆ ನಿಮ್ಮ ಹಳೆಯ ಲುಂಗಿ ಹೊದಿಸಿ ಆ ಕಡೆ ತಿರುಗಿಯೂ ನೋಡಲಿಲ್ಲ. ಹತ್ತು ಹನ್ನೆರಡು ದಿನ ಬಿಟ್ಟು, ಸತ್ತಿರಬೇಕು ಎಂದು ಕಸಬರಿಗೆ ಕಡ್ಡಿಯಿಂದ ಲುಂಗಿ ಸರಿಸಿದರೆ, ಮೂಲೆಯಲ್ಲಿ ಮುದುಡಿ ಕೂತಿದ್ದದ್ದು ಒಂದು ಕಾಲು ಎತ್ತಿತು. ಸಿಟ್ಟು ನೆತ್ತಿಗೇರಿತು. ಡಬ್ಬಿಯ ಮೇಲಿದ್ದ ಅಂಗಡಿಯ ನಂಬರಿಗೆ ಫೋನ್ ಮಾಡಿ, "ಇದು ಉಪಾಸ ಇದ್ರ ಯಾವಾಗ ಸಾಯ್ತೈತ್ರಿ?" ಎಂದು ನೇರವಾಗಿ ಕೇಳಿದೆ.

ಅಂಗಡಿಯ ಶಾಹಿದ ನಕ್ಕ. "ತಿಂಗಳಗಟ್ಲೆ ಸಾಯೂದಿಲ್ಲ ಬಾಯಾರ. ಕೂಳಿಲ್ದ ತಡೀತೈತಿ, ನೀರಿಲ್ದ ಭಾಳ ದಿನ ತಡಿಯೂದಿಲ್ಲ. ತಳಕ್ಕ ನಾರಿನ ಪುಡಿ ಹಾಕೀರಿಲ್ಲೋ? ಅಡಗಾಕ ಏನರ ಇಟ್ಟೀರಿಲ್ಲೋ?" ಎಂದ. ಬರೀ ಡಬ್ಬಿ ಎಂದೆ. "ಹಂಗಾರ ಅದು ಬಂದಾಗಿಂದ ಹೆದರಿ ಕುಂತೈತ್ರಿ" ಎಂದ. ಕಚ್ಚಿದರೆ ಸಾಯುತ್ತಾರಲ್ಲ ಎಂದು ಕೇಳಿದೆ. ಕಣಜ ಕಡಿದಷ್ಟು ಉರಿಯುತ್ತದೆ ಅಷ್ಟೇ, ನಂಜಿಗೆ ಮೈ ಒಗ್ಗದವರು ಮಾತ್ರ ದವಾಖಾನೆಗೆ ಹೋಗಬೇಕು, ಇದನ್ನೆಲ್ಲ ನಿಮ್ಮ ಯಜಮಾನರಿಗೆ ಅವತ್ತೇ ಬಿಡಿಸಿ ಹೇಳಿದ್ದೆ ಎಂದ.

ಫೋನ್ ಇಟ್ಟು ಅಡುಗೆಮನೆಯಲ್ಲಿ ಕೂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಎರಡು ತಿಂಗಳು ನಾನು ಅದಕ್ಕೆ ಹೆದರಿದ್ದೆ, ಅದು ನನಗೆ ಹೆದರಿತ್ತು, ನೀವು ನಡುವೆ ಆರಾಮಾಗಿ ಉಂಡು ಮಲಗಿದ್ದಿರಿ.

ಅವತ್ತೇ ಬಾಟಲಿಯ ಮುಚ್ಚಳದಲ್ಲಿ ನೀರು ತುಂಬಿ ಒಳಗಿಟ್ಟೆ. ಶಾಹಿದ ಹೇಳಿದಂತೆ ತೆಂಗಿನ ನಾರಿನ ಪುಡಿ ತರಿಸಿ, ಸ್ವಲ್ಪ ತೇವ ಮಾಡಿ ಹಾಸಿದೆ. ಒಡೆದ ಮಡಕೆಯ ಚೂರನ್ನು ಬೋರಲು ಇಟ್ಟೆ. ಜೇಡ ಅದರ ಕೆಳಗೆ ಸರಿದು ಹೋದದ್ದು ನೋಡಿ ನನಗೇ ನಿರಾಳವಾಯಿತು. ಒಂದು ವಾರ ಮುಟ್ಟಬೇಡಿ, ತಿನ್ನಲು ಹಾಕಬೇಡಿ, ಜಾಗ ಒಗ್ಗಲಿ ಎಂದಿದ್ದ. ಅಷ್ಟರಲ್ಲಿ ಶಿರೂರಿನಿಂದ ಅವ್ವ ಬಂದಳು. "ಹೊಸಾ ಜೀವ ಮನಿಗೆ ಬಂದ್ರ ಬೀರಪ್ಪನ ಭಂಡಾರ ಹಚ್ಚಬೇಕು, ಕುರಿ ಆದ್ರೇನು ಹುಳ ಆದ್ರೇನು" ಎಂದು ನಾನು ಬೇಡ ಅನ್ನುವಷ್ಟರಲ್ಲಿ ಮುಚ್ಚಳ ತೆಗೆದು ಚಿಟಿಕೆ ಅರಿಶಿನ ಉದುರಿಸಿಯೇಬಿಟ್ಟಳು. ಜೇಡ ಹಿಂಗಾಲಿನಿಂದ ಬೆನ್ನು ಉಜ್ಜಿ ಕೂದಲು ಹಾರಿಸಿತು. ಅವ್ವ ಮರುದಿನದವರೆಗೆ ಕೈ ಕೆರೆದುಕೊಂಡಳು. ಈಗ ಭಂಡಾರ ಮುಚ್ಚಳದ ಹೊರಗೆ ಮಾತ್ರ.

ಮನೆಯ ಜಿರಳೆ ಹಾಕಬಾರದಂತೆ, ಔಷಧ ತಿಂದಿರುತ್ತವೆ. ನೀವು ಮುಚ್ಚಳದ ಸಂದಿಯಿಂದ ಅವನ್ನೇ ತುರುಕುತ್ತಿದ್ದಿರಿ. ನಾನು ಅಂಗಡಿಯಲ್ಲಿ ಸಾಕಿದ ಮಿಡತೆ ತರಿಸುತ್ತೇನೆ. ಮೊದಲನೆಯದನ್ನು ಅದು ಮುಟ್ಟಲಿಲ್ಲ, ಬೆಳಿಗ್ಗೆ ಇಕ್ಕಳದಿಂದ ಹೊರಗೆ ತೆಗೆದೆ. ತಿನ್ನದೆ ಉಳಿದದ್ದನ್ನು ಒಳಗೆ ಬಿಡಬಾರದು. ಪೊರೆ ಬಿಡುವಾಗ ಜೇಡ ಅಂಗಾತ ಬಿದ್ದು ಮೈಯೆಲ್ಲ ಮೆತ್ತಗಾಗಿರುತ್ತದೆ, ಆಗ ಆ ಮಿಡತೆಯೇ ಅದನ್ನು ಕಡಿದು ತಿನ್ನುತ್ತದಂತೆ. ಇದನ್ನು ಕೇಳಿದ ದಿನ, ಅಂಗಾತ ಮಲಗಿರುವ ನಿಮ್ಮ ನೆನಪು ಬಹಳ ಬಂತು.

ನಾಲ್ಕು ದಿನ ಬಿಟ್ಟು ಇನ್ನೊಂದು ಮಿಡತೆ ಬಿಟ್ಟೆ. ಮಡಕೆ ಚೂರಿನ ಕೆಳಗಿಂದ ಯಾವಾಗ ಬಂತು, ಯಾವಾಗ ಹಿಡಿಯಿತು, ಕಾಣಲೇ ಇಲ್ಲ. ನಾನು ಚಪ್ಪಾಳೆ ತಟ್ಟಿದೆ. ಮಿಡತೆಯ ಜಾಗದಲ್ಲಿ ಯಾರನ್ನು ನೆನೆದೆ ಎಂದು ಅಕ್ಕನವರ ಬಾಯಿಂದ ಹೇಳಿಸುವುದು ಬೇಡ. ಮಿಷನ್ನಿನ ಅದುರುವಿಕೆ ಅದಕ್ಕೆ ಆಗುವುದಿಲ್ಲ ಎಂದು ಡಬ್ಬಿಯನ್ನು ಈಗ ತಲಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ. ಹೆಂಗಸರು ಮತ್ತೆ ಬರುತ್ತಿದ್ದಾರೆ. ಸಂಕ್ರಾಂತಿಯ ಕುಪ್ಪಸಗಳು ರಾಶಿ ಬಿದ್ದಿವೆ.

ಈಗ ಕಾಕಾ ಅವರ ಮಾತಿಗೆ ಉತ್ತರ. ನಾನು ಬರುವುದಿಲ್ಲ ಅನ್ನುವುದಿಲ್ಲ. ಅವರು ಹೇಳಿದಂತೆಯೇ ಅಮಾವಾಸ್ಯೆಯೊಳಗೆ ಬರುತ್ತೇನೆ, ಅವರು ಹೇಳಿದಂತೆಯೇ ಜೇಡವನ್ನೂ ತರುತ್ತೇನೆ. ಡಬ್ಬಿ ನಿಮ್ಮ ತಲೆದಿಂಬಿನ ಪಕ್ಕದಲ್ಲಿ ಇರುತ್ತದೆ. ಮುಚ್ಚಳದ ಕೊಂಡಿ ನನ್ನ ಕೈಯಲ್ಲಿ ಇರುತ್ತದೆ. ಮೊದಲು ಅದಕ್ಕೆ ಮಿಡತೆ, ಆಮೇಲೆ ನಿಮಗೆ ರೊಟ್ಟಿಯ ತುತ್ತು. ಸಾರಿಗೆ ಉಪ್ಪಿಲ್ಲ ಎಂದು ನೀವು ಗೊಣಗಿದರೆ ಕೊಂಡಿ ಅರ್ಧ ತೆಗೆಯುತ್ತೇನೆ. ನೀವು ಕಲಿಸಿದ ಸಂಸಾರ, ನಾನು ಮರೆತಿಲ್ಲ.

ಬೇಡ ಅನ್ನುವುದಾದರೆ ಈಗಲೇ, ಅಕ್ಕ ಮತ್ತು ಕಾಕಾ ಅವರ ಎದುರಿಗೆ, ನಿಮ್ಮ ಬಾಯಿಂದಲೇ "ಭಾಗ್ಯಾ ಬರೂದು ಬ್ಯಾಡ" ಎಂದು ಹೇಳಿ. ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಆಮೇಲೆ ಯಾರು ಯಾರನ್ನು ಬಿಟ್ಟರು ಎಂದು ಹಿರಿಯರು ನನ್ನನ್ನು ಕೇಳುವಂತಿಲ್ಲ. ಪ್ಲಾಸ್ಟರ್ ಬಿಚ್ಚಿಸಿಕೊಂಡು ನವನಗರಕ್ಕೆ ಬರುವ ಮನಸ್ಸಾದರೆ ಬನ್ನಿ. ಗೂಡು ಬಾಗಿಲಿಗೆ ಅಂಟಿಕೊಂಡೇ ಇದೆ, ಅದನ್ನು ದಾಟಿಯೇ ಒಳಗೆ ಬರಬೇಕು.

ಇಂತಿ,
ನಿಮ್ಮ ಜೇಡಕ್ಕೆ ಅನ್ನ ಹಾಕುವ
ಭಾಗ್ಯಾ

ತಾ. ಕ.: ಅಕ್ಕನವರೇ, ಇದನ್ನು ಪಕ್ಕದ ಮನೆಗೂ ಕೇಳುವಂತೆ ಓದಿ. ಫೋನ್ ಇಡುವ ಮೊದಲು ಶಾಹಿದ ಇನ್ನೊಂದು ಮಾತು ಹೇಳಿದ. ಜೇಡ ಕೊಳ್ಳಲು ಬಂದ ದಿನ ನಿಮ್ಮ ತಮ್ಮ, "ಹಾವಾಡಿಗರು ಕೀಳ್ತಾರಲ್ಲ, ಹಂಗ ಇದರ ಹಲ್ಲು ಕಿತ್ತು ಕೊಡ್ರಿ, ಮನ್ಯಾಗ ನಾನೂ ಇರಾಂವ" ಎಂದು ಕೇಳಿಕೊಂಡರಂತೆ. ಹಾಗೆಲ್ಲ ಕೀಳಲು ಬರುವುದಿಲ್ಲ ಎಂದು ಶಾಹಿದ ಹೇಳಿದಾಗ ಅಂಗಡಿಯ ಹೊರಗೆ ರಸ್ತೆಯಲ್ಲಿ ನಿಂತುಕೊಂಡು, ಮುಚ್ಚಳ ಬಿಗಿಯಾಗಿ ಹಾಕಿದ ಮೇಲೆಯೇ ಡಬ್ಬಿ ಹಿಡಿದರಂತೆ, ಅದೂ ಟವೆಲ್ ಸುತ್ತಿ. ಇಷ್ಟು ಓದಿದಾಗ ಅವರ ಮುಖ ಹೇಗಾಯಿತು ಎಂದು ನನಗೆ ಫೋನ್ ಮಾಡಿ ಹೇಳಿ.